ಸ್ಟಾಫ್ ರೂಮಿನ ನೀರಿನ ಮಡಕೆ

1/8

ಈ ಸಲದ ಕಾಲೇಜು ಕಥೆ ಸ್ವಲ್ಪ ಉದ್ದ ಇದೆ ಫ್ರೆಂಡ್ಸ್. ಒಂದೇ ಕ್ಯಾಪ್ಶನ್‌ಗೆ ಹಿಡಿಸಲ್ಲ. ದಿನಕ್ಕೊಂದು ಅಂತ ಎಂಟು ದಿನ ಹಾಕ್ತೀನಿ. ಫೋಟೋದಲ್ಲಿರೋದು ನನ್ನ ಬ್ಯಾಂಕಿಂಗ್ ನೋಟ್ಸ್. ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದೀನಲ್ಲ, "ಹಿಲ್ಟನ್ ಯಂಗ್ ಕಮಿಷನ್, 1926" ಅಂತ, ಇದೆಲ್ಲ ಶುರುವಾಗಿದ್ದು ಅಲ್ಲಿಂದ.

ನಮ್ಮ ಲೆಕ್ಕದಲ್ಲಿ ಅದು ಎರಡು ಮಾರ್ಕು. ಭಾರತಕ್ಕೆ ಒಂದು ಸೆಂಟ್ರಲ್ ಬ್ಯಾಂಕ್ ಬೇಕು ಅಂತ ಶಿಫಾರಸು ಮಾಡಿದ ಕಮಿಷನ್ ಯಾವುದು? ಬರಿ, ಮುಂದೆ ಹೋಗು. ಆದ್ರೆ ಆವತ್ತು ಮೇಷ್ಟ್ರು ಪಾಠದ ಮಧ್ಯೆ ಸುಮ್ನೆ ಒಂದು ಮಾತು ಹೇಳಿದ್ರು: "ಈ ಕಮಿಷನ್ ಮುಂದೆ ಸಾಕ್ಷಿ ಹೇಳಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ಅದಕ್ಕೂ ಮೊದಲು ಅವರು ಕಾಮರ್ಸ್ ಕಾಲೇಜಲ್ಲಿ ಮೇಷ್ಟ್ರಾಗಿದ್ರು."

ಕ್ಲಾಸಲ್ಲಿ ಯಾರೂ ಏನೂ ಅನ್ನಲಿಲ್ಲ. ನನಗೆ ಮಾತ್ರ ಅದು ತಲೇಲಿ ಕೂತ್ಕೊಂಡ್ಬಿಡ್ತು. ನಮಗೆ ಗೊತ್ತಿರೋ ಅಂಬೇಡ್ಕರ್ ಅಂದ್ರೆ ನೀಲಿ ಕೋಟು, ಕೈಯಲ್ಲಿ ಸಂವಿಧಾನ, ಏಪ್ರಿಲ್ 14. ಕಾಮರ್ಸ್ ಮೇಷ್ಟ್ರು? ಅಂದ್ರೆ ನಮ್ಮೋರು? ಬಿಕಾಂ ಅಂದ ತಕ್ಷಣ "ಓ, ಸೈನ್ಸ್ ಸಿಗಲಿಲ್ವಾ" ಅನ್ನೋ ನೆಂಟರಿಗೆ ಕೊಡೋಕೆ ಒಳ್ಳೆ ಉತ್ತರ ಸಿಕ್ತು ಅಂತ ಖುಷಿ ಆಯ್ತು. ನಿಜ ಹೇಳ್ತೀನಿ, ಅಷ್ಟಕ್ಕೇ ಓದೋಕೆ ಶುರು ಮಾಡಿದ್ದು. ಲೈಬ್ರರಿಯನ್ ಮೇಡಂ ಧನಂಜಯ ಕೀರ್ ಬರೆದ ದಪ್ಪ ಜೀವನಚರಿತ್ರೆ ಕೊಟ್ರು. ಇಂಗ್ಲಿಷ್. ಪಕ್ಕದಲ್ಲಿ ಫೋನ್ ಡಿಕ್ಷನರಿ ಇಟ್ಕೊಂಡು ಓದಿದೆ.

2/8

ಹುಟ್ಟಿದ್ದು 1891, ಮಹೂ ಅನ್ನೋ ಮಿಲಿಟರಿ ಕಂಟೋನ್ಮೆಂಟ್‌ನಲ್ಲಿ. ಅಪ್ಪ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್. ಹದಿನಾಲ್ಕನೇ ಮಗು ಈ ಭೀಮರಾವ್. ಅಮ್ಮ ಚಿಕ್ಕ ವಯಸ್ಸಲ್ಲೇ ತೀರಿಕೊಂಡ್ರು.

1900ರ ನವೆಂಬರ್ 7ಕ್ಕೆ ಸಾತಾರದ ಸರ್ಕಾರಿ ಶಾಲೆಗೆ ಸೇರ್ತಾರೆ. ಮಹಾರಾಷ್ಟ್ರದಲ್ಲಿ ಈಗ ಆ ದಿನವನ್ನ ವಿದ್ಯಾರ್ಥಿ ದಿನ ಅಂತ ಆಚರಿಸ್ತಾರೆ. ಆ ಶಾಲೆಯಲ್ಲಿ ಅವರು ಕೂರ್ತಿದ್ದಿದ್ದು ಮನೆಯಿಂದ ತಂದ ಗೋಣಿಚೀಲದ ಮೇಲೆ. ಬಾಯಾರಿದ್ರೆ ನಲ್ಲಿ ಮುಟ್ಟೋ ಹಾಗಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ರಜಾ ಹಾಕಿದ್ರೆ ಆವತ್ತು ನೀರಿಲ್ಲ. ಇದನ್ನ ಅವರೇ ಮುಂದೆ 'ವೇಯ್ಟಿಂಗ್ ಫಾರ್ ಎ ವೀಸಾ' ಅನ್ನೋ ಸಣ್ಣ ಆತ್ಮಕಥನದಲ್ಲಿ ಬರೆದ್ರು. ಓದಿಲ್ಲ ಅಂದ್ರೆ ಓದಿ, ಒಂದು ಗಂಟೆಲಿ ಮುಗಿಯತ್ತೆ. ಮುಗಿದ್ಮೇಲೆ ಒಂದು ವಾರ ಬಿಡಲ್ಲ.

ಆಮೇಲೆ ಬಾಂಬೆ, ಎಲ್ಫಿನ್‌ಸ್ಟನ್ ಹೈಸ್ಕೂಲ್. 1907ರಲ್ಲಿ ಮೆಟ್ರಿಕ್ ಪಾಸ್. ಅವರ ಸಮುದಾಯದಲ್ಲಿ ಅದೇ ದೊಡ್ಡ ಸುದ್ದಿ, ಸಭೆ ಮಾಡಿ ಸನ್ಮಾನ ಮಾಡಿದ್ರು. ಕೇಳುಸ್ಕರ್ ಅನ್ನೋ ಮೇಷ್ಟ್ರು ತಾವೇ ಬರೆದ ಬುದ್ಧನ ಚರಿತ್ರೆ ಪುಸ್ತಕ ಕೊಟ್ರು. ಕಾಲೇಜಿಗೆ ದುಡ್ಡು ಸಾಲದೆ ಹೋದಾಗ ಹುಡುಗನನ್ನ ಬರೋಡ ಮಹಾರಾಜ ಸಯಾಜಿರಾವ್ ಗಾಯಕವಾಡರ ಹತ್ರ ಕರ್ಕೊಂಡು ಹೋದವರೂ ಇವರೇ. ತಿಂಗಳಿಗೆ 25 ರೂಪಾಯಿ ಸ್ಕಾಲರ್‌ಶಿಪ್ ಸಿಕ್ತು.

ಎಲ್ಫಿನ್‌ಸ್ಟನ್ ಕಾಲೇಜಲ್ಲಿ ಪ್ರೊಫೆಸರ್ ಮುಲ್ಲರ್ ಅಂತ ಒಬ್ಬರು ಪುಸ್ತಕ ಕೊಡ್ತಿದ್ರು, ಹಾಕ್ಕೊಳ್ಳೋಕೆ ಬಟ್ಟೆನೂ ಕೊಡ್ತಿದ್ರು. ಅದೇ ಕಾಲೇಜಿನ ಹೋಟೆಲ್‌ನವನು ಟೀ ಕೊಡ್ತಿರಲಿಲ್ಲ, ನೀರೂ ಇಲ್ಲ. ಒಂದೇ ಕಾಂಪೌಂಡ್ ಒಳಗೆ ಎರಡೂ.

1912ರಲ್ಲಿ ಬಿಎ ಮುಗೀತು, ಎಕನಾಮಿಕ್ಸ್ ಮತ್ತು ಪಾಲಿಟಿಕಲ್ ಸೈನ್ಸ್. 1913ರ ಫೆಬ್ರವರಿ 2ಕ್ಕೆ ಅಪ್ಪ ಹೋದ್ರು.

3/8

ಅದೇ ವರ್ಷ ಬರೋಡ ಸಂಸ್ಥಾನ ಅಮೆರಿಕಕ್ಕೆ ಕಳಿಸೋಕೆ ಒಪ್ಪಿತು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದಲ್ಲಿ ಕೆಲಸ ಮಾಡ್ಬೇಕು ಅಂತ ಬಾಂಡ್. 1913ರ ಜುಲೈನಲ್ಲಿ ನ್ಯೂಯಾರ್ಕ್, ಕೊಲಂಬಿಯ ಯೂನಿವರ್ಸಿಟಿ. ವಯಸ್ಸು 22. ನಮ್ಮಲ್ಲಿ ಬ್ಯಾಕ್‌ಲಾಗ್ ಇರೋರ ವಯಸ್ಸು ಅಷ್ಟೇ (ಬೇಜಾರಾಗ್ಬೇಡಿ, ನನಗೂ ಒಂದಿದೆ).

ನಾನು ಹೆಚ್ಚು ಹೊತ್ತು ನಿಂತಿದ್ದು ಈ ಭಾಗದಲ್ಲೇ. ಯಾಕಂದ್ರೆ ಮೊದಲ ಸಲ ಅವರು ಎಲ್ಲರ ಜೊತೆ ಒಂದೇ ಟೇಬಲ್ ಮೇಲೆ ಕೂತು ಊಟ ಮಾಡಿದ್ದು, ಹಾಸ್ಟೆಲ್‌ನಲ್ಲಿ ಎಲ್ಲರ ಹಾಗೆ ಓಡಾಡಿದ್ದು ಅಲ್ಲಿ. ರೂಮ್‌ಮೇಟ್ ನವಲ್ ಭತೇನಾ ಅನ್ನೋ ಪಾರ್ಸಿ ಹುಡುಗ. ಆ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರತ್ತೆ.

ಅವರು ತಗೊಂಡ ಕೋರ್ಸ್ ಲೆಕ್ಕ ನೋಡಿ: ಎಕನಾಮಿಕ್ಸ್ 29, ಹಿಸ್ಟರಿ 11, ಸೋಶಿಯಾಲಜಿ 6, ಫಿಲಾಸಫಿ 5, ಆಂತ್ರಪಾಲಜಿ 4, ಪಾಲಿಟಿಕ್ಸ್ 3, ಜೊತೆಗೆ ಫ್ರೆಂಚ್ ಒಂದು, ಜರ್ಮನ್ ಒಂದು. ನಮಗೆ ಒಂದು ಸೆಮ್‌ನಲ್ಲಿ ಓಪನ್ ಎಲೆಕ್ಟಿವ್ ಒಂದು ಜಾಸ್ತಿ ಆದ್ರೆ ಪ್ರಿನ್ಸಿಪಾಲರ ಹತ್ರ ಹೋಗ್ತೀವಿ.

1915ರ ಎಂಎ ಥೀಸಿಸ್ ವಿಷಯ ಏನು ಗೊತ್ತಾ? ಪ್ರಾಚೀನ ಭಾರತದ ವಾಣಿಜ್ಯ. ಕಾಮರ್ಸ್! ಲೈಬ್ರರಿಲಿ ಕೂತಿದ್ದೋನು ಜೋರಾಗಿ ಟೇಬಲ್ ಕುಟ್ಟಿಬಿಟ್ಟೆ.

1916ರ ಮೇ 9ಕ್ಕೆ ಆಂತ್ರಪಾಲಜಿ ಸೆಮಿನಾರ್‌ನಲ್ಲಿ ಭಾರತದ ಜಾತಿಗಳ ಬಗ್ಗೆ ಪೇಪರ್ ಓದಿದ್ರು. ಜಾತಿ ಉಳಿಯೋದು ಹೇಗೆ ಅಂದ್ರೆ ಒಂದು ಗುಂಪು ತನ್ನೊಳಗೇ ಮದುವೆ ಮಾಡ್ಕೊಂಡು ಬಾಗಿಲು ಹಾಕ್ಕೊಳ್ಳೋದ್ರಿಂದ ಅಂತ ಅವರ ವಾದ. ಮೇಲಿನವರು ಬಾಗಿಲು ಹಾಕ್ಕೊಂಡ್ರು, ಅದನ್ನ ನೋಡಿ ಕೆಳಗಿನವರೂ ಹಾಕ್ಕೊಂಡ್ರು, ಇನ್ನು ಕೆಲವರು ತಮ್ಮ ಮುಖಕ್ಕೇ ಬಾಗಿಲು ಹಾಕಿಸ್ಕೊಂಡ್ರು. 25 ವರ್ಷದ ಹುಡುಗ ಬರೆದಿದ್ದು. ನಮ್ಮೂರಿನ ಮ್ಯಾಟ್ರಿಮೋನಿ ಗ್ರೂಪ್‌ಗಳನ್ನ ನೋಡಿ ಬರೆದ ಹಾಗಿದೆ.

4/8

ಮೇಷ್ಟ್ರುಗಳ ಬಗ್ಗೆ ಹೇಳಲೇಬೇಕು. ಜಾನ್ ಡ್ಯೂಯಿ, ಎಡ್ವಿನ್ ಸೆಲಿಗ್‌ಮನ್, ಶಾಟ್‌ವೆಲ್, ರಾಬಿನ್ಸನ್. ಸೆಲಿಗ್‌ಮನ್ ಅಂದ್ರೆ ಟ್ಯಾಕ್ಸೇಶನ್ ವಿಷಯದಲ್ಲಿ ಆ ಕಾಲದ ದೊಡ್ಡ ಹೆಸರು. ಡ್ಯೂಯಿ ತತ್ವಶಾಸ್ತ್ರದವರು. ಡೆಮಾಕ್ರಸಿ ಅಂದ್ರೆ ಸರ್ಕಾರ ನಡೆಸೋ ಒಂದು ವಿಧಾನ ಮಾತ್ರ ಅಲ್ಲ, ಜನ ಒಬ್ಬರ ಜೊತೆ ಒಬ್ಬರು ಬದುಕೋ ರೀತಿ ಅನ್ನೋದು ಅವರ ವಿಚಾರ. 1936ರಲ್ಲಿ ಅಂಬೇಡ್ಕರ್ ಜಾತಿ ವಿನಾಶದ ಬಗ್ಗೆ ಬರೆದ ಭಾಷಣದಲ್ಲಿ (ಲಾಹೋರಿನವರು ಕರೆದು, ಬರಹ ನೋಡಿ ಹೆದರಿ, ಸಭೆಯನ್ನೇ ರದ್ದು ಮಾಡಿದ ಭಾಷಣ ಅದು) ಡ್ಯೂಯಿ ಹೆಸರು ಹೇಳಿ, ಇವರು ನನ್ನ ಮೇಷ್ಟ್ರು, ಇವರ ಋಣ ನನ್ನ ಮೇಲಿದೆ ಅಂತ ಒಪ್ಕೋತಾರೆ. ಕಾಲೇಜು ಬಿಟ್ಟು ಇಪ್ಪತ್ತು ವರ್ಷ ಆಗಿತ್ತು ಆಗ.

ಸೆಲಿಗ್‌ಮನ್ ಜೊತೆಗಿನ ಸಂಬಂಧದಲ್ಲೂ ಒಂದು ಕಥೆ ಇದೆ. 1917ರಲ್ಲಿ ಸ್ಕಾಲರ್‌ಶಿಪ್ ಅವಧಿ ಮುಗಿದು ಲಂಡನ್‌ನಿಂದ ವಾಪಸ್ ಬರುವಾಗ ಮೊದಲ ಮಹಾಯುದ್ಧ ನಡೀತಿತ್ತು. ಅವರ ಸಾಮಾನಿದ್ದ ಹಡಗಿಗೆ ಟಾರ್ಪಿಡೊ ಹೊಡೆದ್ರು. ಪುಸ್ತಕ, ಥೀಸಿಸ್‌ನ ಹಸ್ತಪ್ರತಿ, ಎಲ್ಲ ಸಮುದ್ರಕ್ಕೆ. ಗೂಗಲ್ ಡ್ರೈವ್ ಇಲ್ಲ ಗುರೂ. 1922ರಲ್ಲಿ ಸೆಲಿಗ್‌ಮನ್‌ಗೆ ಕಾಗದ ಬರೀತಾರೆ, ಹಳೇದು ಹೋಯ್ತು, ಹೊಸ ಥೀಸಿಸ್ ಬರೆದಿದ್ದೀನಿ ಅಂತ. 1925ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ಬಗ್ಗೆ ಪುಸ್ತಕವಾಗಿ ಬಂತು. ಮುನ್ನುಡಿ ಸೆಲಿಗ್‌ಮನ್ ಅವರದ್ದು. 1927ರಲ್ಲಿ ಪಿಎಚ್‌ಡಿ ಕೈಗೆ ಬಂತು. ಕಾಲೇಜು ಬಿಟ್ಟು ಹನ್ನೊಂದು ವರ್ಷಕ್ಕೆ.

5/8

ಈಗ ಬರೋಡ. ಕೊಲಂಬಿಯದಲ್ಲಿ ಓದಿ ಬಂದವರಿಗೆ ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಗುರುತು ಮುಚ್ಚಿಟ್ಕೊಂಡು ಇದ್ರು, ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದ್ರು. ಆಫೀಸಲ್ಲಿ ಜವಾನರು ಫೈಲ್‌ಗಳನ್ನ ದೂರದಿಂದ ಎಸೀತಿದ್ರು. ಬಾಂಬೆಗೆ ವಾಪಸ್.

ಬಾಂಬೆಯಲ್ಲಿ ಷೇರು ವ್ಯಾಪಾರ ಮಾಡೋರಿಗೆ ಸಲಹೆ ಕೊಡೋ ಒಂದು ಸಣ್ಣ ಸಂಸ್ಥೆ ಶುರು ಮಾಡಿದ್ರು. ಹೌದು, ಸ್ಟಾಕ್ ಅಡ್ವೈಸರ್! ಗಿರಾಕಿಗಳು ಬರೋಕೆ ಶುರುವಾಯ್ತು. ಇವರ ಜಾತಿ ಗೊತ್ತಾಯ್ತು. ಗಿರಾಕಿಗಳು ನಿಂತ್ರು. ಬಾಗಿಲು ಹಾಕಿದ್ರು.

1918ರ ನವೆಂಬರ್‌ನಲ್ಲಿ ಸಿಡನ್‌ಹ್ಯಾಮ್ ಕಾಲೇಜಲ್ಲಿ ಪೊಲಿಟಿಕಲ್ ಎಕಾನಮಿ ಪ್ರೊಫೆಸರ್ ಆಗಿ ಕೆಲಸ ಸಿಕ್ತು. 1913ರಲ್ಲಿ ಶುರುವಾದ ಕಾಲೇಜು, ಏಷ್ಯಾದ ಮೊದಲ ಕಾಮರ್ಸ್ ಕಾಲೇಜು. ಮೊದಮೊದಲು ಹುಡುಗರಿಗೆ ಇವರ ಮೇಲೆ ಅಂಥಾ ಗೌರವ ಇರಲಿಲ್ಲ, ಇವರೇನು ಪಾಠ ಮಾಡಿಯಾರು ಅನ್ನೋ ಭಾವ. ಆಮೇಲೆ ಬೇರೆ ಕಾಲೇಜಿನ ಹುಡುಗರೂ ಪರ್ಮಿಷನ್ ತಗೊಂಡು ಇವರ ಕ್ಲಾಸಿಗೆ ಬಂದು ಕೂರೋ ಹಾಗಾಯ್ತು.

ಆದ್ರೆ ಸ್ಟಾಫ್ ರೂಮಲ್ಲಿ ಪ್ರೊಫೆಸರ್‌ಗಳಿಗೆ ಅಂತ ಒಂದು ನೀರಿನ ಮಡಕೆ ಇತ್ತು. ಅದರಿಂದ ಇವರು ನೀರು ಕುಡೀಬಾರದು ಅಂತ ಕೆಲವು ಪ್ರೊಫೆಸರ್‌ಗಳು ತಕರಾರು ತೆಗೆದ್ರು.

ಇಲ್ಲಿ ಪುಸ್ತಕ ಮುಚ್ಚಿಟ್ಟೆ. ಯಾಕೆ ಅಂತ ಹೇಳ್ತೀನಿ.

ಹೋದ ವರ್ಷ ದಸರಾ ರಜೆಗೆ ನಮ್ಮ ಕ್ಲಾಸಿನ ಒಬ್ಬ ಫ್ರೆಂಡನ್ನ ಊರಿಗೆ ಕರ್ಕೊಂಡು ಹೋಗಿದ್ದೆ. ಹೆಸರು ಹಾಕಲ್ಲ. ಬೆಳಗ್ಗೆ ಬಸ್ ಇಳಿದು ಮನೆಗೆ ಹೋದ್ವಿ. ಅಜ್ಜಿ "ಯಾರ ಪೈಕಿ ಮಗಾ ನೀನು" ಅಂದ್ರು. ಅವನು ನೇರವಾಗಿ ಹೇಳ್ದ. ಐದು ನಿಮಿಷ ಆದ್ಮೇಲೆ ಟೀ ಬಂತು. ನಮಗೆಲ್ಲ ಸ್ಟೀಲ್ ಲೋಟ. ಅಜ್ಜಿ ಅವನಿಗೆ ಪೇಪರ್ ಕಪ್ಪಲ್ಲಿ ಕೊಟ್ರು. ನಾನು ನೋಡ್ದೆ. ಅವನೂ ನೋಡ್ದ. ನಾನು ಕ್ರಿಕೆಟ್ ಬಗ್ಗೆ ಏನೋ ಮಾತಾಡ್ತಾ ಹೋದೆ. ಮೂರು ದಿನ ಇರ್ತೀನಿ ಅಂದಿದ್ದೋನು ಮಧ್ಯಾಹ್ನದ ಬಸ್ಸಿಗೆ ಹೊರಟ. "ಅಕ್ಕನ ಮನೇಲಿ ಕೆಲಸ ಇದೆ ಮಚ್ಚಾ" ಅಂದ. ಸರಿ ಅಂದೆ.

ಆಮೇಲೂ ಮಾತಾಡ್ತೀವಿ. ನೋಟ್ಸ್ ಕಳಿಸ್ತಾನೆ. ಆದ್ರೆ ಮೊದಲು ಒಂದೇ ಬೆಂಚು, ಈಗ ಅವನು ಎರಡು ಬೆಂಚು ಹಿಂದೆ ಕೂರ್ತಾನೆ.

6/8

ನಿನ್ನೆಯ ಪೋಸ್ಟ್‌ಗೆ ತುಂಬ ಕಾಮೆಂಟ್ ಬಂದಿದೆ. "ಅಜ್ಜಿ ಕಾಲ ಬೇರೆ ಬಿಡು" ಅಂತ ನಾಲ್ಕೈದು ಜನ ಹಾಕಿದ್ದೀರ. ಅಜ್ಜಿ ಕಾಲ ಬೇರೆ ಇರಬಹುದು, ನನ್ನ ಕಾಲ ಯಾವುದು? ಆ ಸ್ಟಾಫ್ ರೂಮಲ್ಲಿ ತಕರಾರು ತೆಗೆದವರು ಕೆಲವರು ಅಷ್ಟೇ. ಉಳಿದವರು ಏನು ಮಾಡಿದ್ರು ಅಂತ ನಾನು ಯೋಚನೆ ಮಾಡ್ತಾ ಇದ್ದೀನಿ. ಪೇಪರ್ ಓದ್ತಾ ಕೂತಿದ್ರೇನೋ. ಕ್ರಿಕೆಟ್ ಮಾತಾಡಿದ್ರೇನೋ.

ಕಥೆಗೆ ಬರೋಣ. ಕಾಲೇಜಲ್ಲಿ ಸಂಬಳ 450 ರೂಪಾಯಿ, ಆ ಕಾಲಕ್ಕೆ ಚೆನ್ನಾಗೇ ಇತ್ತು. ಆದ್ರೆ ಲಂಡನ್‌ನಲ್ಲಿ ಅರ್ಧಕ್ಕೆ ಬಿಟ್ಟು ಬಂದ ಓದು ಇತ್ತಲ್ಲ, ಅದನ್ನ ನಾಲ್ಕು ವರ್ಷದೊಳಗೆ ವಾಪಸ್ ಹೋಗಿ ಮುಂದುವರಿಸಬಹುದು ಅಂತ ಅನುಮತಿ ಇತ್ತು. ಸಂಬಳದಲ್ಲಿ ಉಳಿಸಿದ್ರು. ಕೊಲ್ಹಾಪುರದ ಶಾಹು ಮಹಾರಾಜರು ಸಹಾಯ ಮಾಡಿದ್ರು. ಸಾಲದ್ದಕ್ಕೆ 5,000 ರೂಪಾಯಿ ಸಾಲ ಕೊಟ್ಟಿದ್ದು ಯಾರು? ನವಲ್ ಭತೇನಾ. ಹಾಸ್ಟೆಲ್ ರೂಮ್‌ಮೇಟ್. 1920ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟು ಜುಲೈನಲ್ಲಿ ಹಡಗು ಹತ್ತಿದ್ರು.

ಲಂಡನ್‌ನಲ್ಲಿ ಬೋರ್ಡಿಂಗ್ ಮನೆಯ ಓನರಮ್ಮ ಕೊಡ್ತಿದ್ದ ಊಟ ಅರೆಹೊಟ್ಟೆ. ರಾತ್ರಿ ಹಸಿವಾದಾಗ ಪರಿಚಯದವರೊಬ್ಬರು ಕೊಟ್ಟಿದ್ದ ಹಪ್ಪಳ ನಾಲ್ಕು ಸುಟ್ಕೊಂಡು, ಒಂದು ಕಪ್ ಹಾಲು ಕುಡಿದು, ಮತ್ತೆ ಪುಸ್ತಕ ತೆಗೀತಿದ್ರಂತೆ.

1923ರಲ್ಲಿ ಡಿಎಸ್‌ಸಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ. ವಿಷಯ ರೂಪಾಯಿಯ ಸಮಸ್ಯೆ. ಇದನ್ನ ನಮ್ಮ ಭಾಷೇಲಿ ಹೇಳ್ತೀನಿ. ಆಗಿದ್ದ ಗೋಲ್ಡ್ ಎಕ್ಸ್‌ಚೇಂಜ್ ಸ್ಟ್ಯಾಂಡರ್ಡ್‌ನಲ್ಲಿ ದೇಶದೊಳಗೆ ಓಡಾಡೋದು ಬೆಳ್ಳಿ ರೂಪಾಯಿ ಮತ್ತು ನೋಟು, ಚಿನ್ನದ ಲೆಕ್ಕ ಹೊರದೇಶದ ವ್ಯವಹಾರಕ್ಕೆ ಮಾತ್ರ. ಕೇನ್ಸ್ 1913ರ ಪುಸ್ತಕದಲ್ಲಿ ಇದನ್ನ ಮೆಚ್ಚಿಕೊಂಡಿದ್ರು. ಅಂಬೇಡ್ಕರ್ ಒಪ್ಪಲಿಲ್ಲ. ಈ ಪದ್ಧತಿಯಲ್ಲಿ ಸರ್ಕಾರ ಎಷ್ಟು ಬೇಕಾದ್ರೂ ರೂಪಾಯಿ ಹೊರಡಿಸಬಹುದು, ಹೊರಡಿಸಿದಷ್ಟೂ ಬೆಲೆ ಏರತ್ತೆ, ಏರಿದ್ರೆ ಏಟು ಬೀಳೋದು ಕೂಲಿ ಮಾಡೋನಿಗೆ. ಹಾಗಾಗಿ ರೂಪಾಯಿ ಟಂಕಿಸೋ ಅಧಿಕಾರ ಸರ್ಕಾರದ ಕೈಯಿಂದಲೂ ತೆಗೀಬೇಕು ಅಂತ ವಾದ. ಪರೀಕ್ಷಕರು ಒಮ್ಮೆ ವಾಪಸ್ ಕಳಿಸಿ ತಿದ್ದಿಸಿದ್ರು. ತಿದ್ದಿದ್ರು, ವಾದ ಬಿಡಲಿಲ್ಲ.

ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡತ್ತೆ, ಆ ಪುಸ್ತಕ ನೋಡಿಯೇ ಆರ್‌ಬಿಐ ಕಟ್ಟಿದ್ರು ಅಂತ. ಅಷ್ಟು ಸಲೀಸಲ್ಲ. 1925ರ ಡಿಸೆಂಬರ್‌ನಲ್ಲಿ ಹಿಲ್ಟನ್ ಯಂಗ್ ಕಮಿಷನ್ ಮುಂದೆ ಕೂತು ಅವರು ವಾದ ಹೇಳಿದ್ದು ನಿಜ. ಬೇರೆಯವರೂ ಹೇಳಿದ್ರು. 1935ರಲ್ಲಿ ಬ್ಯಾಂಕ್ ಬಂತು. 34 ವರ್ಷದೋನು ರಾಯಲ್ ಕಮಿಷನ್‌ಗೆ ಎದುರು ಕೂತು ಉತ್ತರ ಕೊಟ್ಟ ಅನ್ನೋದೇ ನನಗೆ ಸಾಕು, ಉಬ್ಬಿಸೋದು ಬೇಡ.

ಇನ್ನೊಂದು: 1925ರಿಂದ 1928ರವರೆಗೆ ಅವರು ಬಾಟ್ಲಿಬಾಯ್ ಅಕೌಂಟೆನ್ಸಿ ಟ್ರೈನಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಮರ್ಕೆಂಟೈಲ್ ಲಾ ಪಾಠ ಮಾಡಿದ್ರು. ನಮಗಿರೋ ಬ್ಯುಸಿನೆಸ್ ಲಾ ಸಬ್ಜೆಕ್ಟೇ ಅದು.

7/8

ಅಂಬೇಡ್ಕರ್ ಕಾಲೇಜನ್ನ ಯಾವತ್ತೂ ಬಿಡಲಿಲ್ಲ. 1935ರಿಂದ 38ರವರೆಗೆ ಬಾಂಬೆಯ ಗವರ್ನಮೆಂಟ್ ಲಾ ಕಾಲೇಜಿಗೆ ಪ್ರಿನ್ಸಿಪಾಲ್. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದ್ರು. 1946ರ ಜೂನ್‌ನಲ್ಲಿ ಸಿದ್ಧಾರ್ಥ ಕಾಲೇಜು ಶುರು, ಯುದ್ಧಕಾಲದ ಮಿಲಿಟರಿ ಬ್ಯಾರಕ್‌ಗಳಲ್ಲಿ. ಕೆಲಸಕ್ಕೆ ಹೋಗೋ ಹುಡುಗರು ಓದಲಿ ಅಂತ ಬೆಳಗಿನ ಹೊತ್ತು ಕ್ಲಾಸು. 1950ರಲ್ಲಿ ಔರಂಗಾಬಾದ್‌ನಲ್ಲಿ ಇನ್ನೊಂದು ಕಾಲೇಜು, ಅದೇ ಮುಂದೆ ಮಿಲಿಂದ ಕಾಲೇಜಾಯ್ತು. ಮಿಲಿಂದ ಅಂದ್ರೆ ಬೌದ್ಧ ಭಿಕ್ಷು ನಾಗಸೇನನಿಗೆ ಪ್ರಶ್ನೆ ಕೇಳಿದ ರಾಜ. ಕಾಲೇಜಿಗೆ ಉತ್ತರ ಹೇಳಿದವನ ಹೆಸರಲ್ಲ, ಪ್ರಶ್ನೆ ಕೇಳಿದವನ ಹೆಸರು. ಇದು ನನಗೆ ತುಂಬ ಇಷ್ಟ ಆಯ್ತು. 1953ರಲ್ಲಿ ಕೊನೆಗೂ ಸಿದ್ಧಾರ್ಥ ಕಾಮರ್ಸ್ ಕಾಲೇಜು.

ಮತ್ತೆ ಕೊಲಂಬಿಯ. 1951ರಲ್ಲಿ ಹಿಂದೂ ಕೋಡ್ ಬಿಲ್ ವಿಷಯಕ್ಕೆ ಕಾನೂನು ಮಂತ್ರಿ ಸ್ಥಾನ ಬಿಟ್ಟಿದ್ರು. 1952ರ ಶುರುವಲ್ಲಿ ಲೋಕಸಭೆ ಚುನಾವಣೆಯಲ್ಲಿ ಬಾಂಬೆಯಲ್ಲಿ ಸೋತ್ರು. ಸಂವಿಧಾನ ಬರೆಯೋದ್ರಲ್ಲಿ ಮುಂದಾಳಾಗಿದ್ದವರು ಅದರ ಅಡಿಯ ಮೊದಲ ಚುನಾವಣೆಯಲ್ಲೇ ಸೋತ್ರು. ಆರೋಗ್ಯ ಸರಿ ಇರಲಿಲ್ಲ. ಅದೇ ವರ್ಷ ಜೂನ್ 5ಕ್ಕೆ ಅವರ ಹಳೇ ಯೂನಿವರ್ಸಿಟಿ ಕರೆದು ಗೌರವ ಡಾಕ್ಟರೇಟ್ ಕೊಡ್ತು, ಸಮಾಜ ಸುಧಾರಕ, ಮಾನವ ಹಕ್ಕುಗಳ ಪರ ನಿಂತವರು ಅಂತ ಹೊಗಳಿ.

ನ್ಯೂಯಾರ್ಕ್‌ಗೆ ಹೊರಟಾಗ ಅವರಿಗಿದ್ದ ಆಸೆ ಡ್ಯೂಯಿ ಮೇಷ್ಟ್ರನ್ನ ನೋಡೋದು. ಮೇಷ್ಟ್ರಿಗೆ ಆಗ 92 ವರ್ಷ. ಇವರು ದಾರಿಯಲ್ಲಿದ್ದಾಗಲೇ ಡ್ಯೂಯಿ ತೀರಿಕೊಂಡ್ರು. ಜೂನ್ 1. ಪದವಿ ಕೊಡೋ ದಿನಕ್ಕೆ ನಾಲ್ಕು ದಿನ ಇತ್ತು. ಹೆಂಡತಿ ಸವಿತಾ ಅವರಿಗೆ ಬರೆದ ಕಾಗದದಲ್ಲಿ, ನನ್ನ ಬೌದ್ಧಿಕ ಬದುಕೆಲ್ಲ ಅವರ ಋಣ ಅನ್ನೋ ಅರ್ಥದ ಮಾತು ಬರೆದಿದ್ದಾರೆ.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತಾರು ವರ್ಷ ಬಿಟ್ಟು ಹೇಳೋಕೆ ಹೋಗಿ, ನಾಲ್ಕು ದಿನ ತಡವಾಯ್ತು. ನಾನು ಹೇಳ್ಬೇಕಾಗಿರೋನು ಎರಡು ಬೆಂಚು ಹಿಂದೆ ಕೂತಿದ್ದಾನೆ.

8/8

ಕೊನೇದು. ಇವತ್ತಿನದ್ದು ಚಿಕ್ಕದು.

ಐದನೇ ಪೋಸ್ಟ್ ಹಾಕಿದ ಮೂರನೇ ದಿನ ಅವನ ಮೆಸೇಜ್ ಬಂತು. ಹೆಸರು ಹಾಕದೇ ಇದ್ರೂ ಅವನಿಗೆ ಗೊತ್ತಾಗತ್ತೆ ಅಂತ ನನಗೆ ಗೊತ್ತಿತ್ತು. ಬೈಬಹುದು, ಇಲ್ಲಾ "ಬಿಡು ಮಚ್ಚಾ" ಅನ್ನಬಹುದು ಅಂದ್ಕೊಂಡಿದ್ದೆ. ಎರಡೂ ಇರಲಿಲ್ಲ. ಮೊದಲು ಬರೆದಿದ್ದು: "ಕೇಳ್ದೆ ಯಾಕೆ ಹಾಕ್ದೆ?"

ಉತ್ತರ ಇರಲಿಲ್ಲ. ತಪ್ಪಾಯ್ತು, ಡಿಲೀಟ್ ಮಾಡ್ತೀನಿ ಅಂದೆ.

ಬೇಡ ಅಂದ. ಸ್ವಲ್ಪ ಹೊತ್ತು ಟೈಪಿಂಗ್ ಅಂತ ತೋರಿಸ್ತಾ ಇತ್ತು. ಆಮೇಲೆ ಬಂತು: "ಡಿಲೀಟ್ ಬೇಡ. ಆದ್ರೆ ಅಜ್ಜಿ ಕೊಟ್ರು ಅಂತ ಬರೆದಿದ್ದೀಯ. ಅಜ್ಜಿ ಅಡುಗೆಮನೆಯಿಂದ ಆಚೆ ಬರಲೇ ಇಲ್ಲ ಕಣೋ. ಕಪ್ ತಂದು ನನ್ನ ಕೈಗೆ ಕೊಟ್ಟಿದ್ದು ನೀನು."

ಮೂರು ಸಲ ಓದಿದೆ. ಕಣ್ಣು ಮುಚ್ಚಿ ನೆನಪು ಮಾಡ್ಕೊಂಡೆ. ನಡುಮನೆ, ಟಿವಿ, ಅವನ ಬ್ಯಾಗು ಗೋಡೆಗೆ ಒರಗಿಸಿದ್ದು. ಕಪ್ ಬಿಸಿ ಇತ್ತು, ತುದಿ ಹಿಡ್ಕೊಂಡು ಬಂದಿದ್ದೆ. ಬೆರಳಿಗೆ ಸುಟ್ಟಿದ್ದು ನೆನಪಾಯ್ತು.

ಐದನೇ ಪೋಸ್ಟನ್ನ ಎಡಿಟ್ ಮಾಡಿಲ್ಲ. ಅದು ಹಾಗೇ ಇರಲಿ, ಇದನ್ನ ಇದರ ಕೆಳಗೆ ಓದ್ಕೊಳ್ಳಿ.

ಭಾನುವಾರ ರೂಮಿಗೆ ಬಾ, ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್‌ಗೆ ಓದೋಣ ಅಂದಿದ್ದಾನೆ. ಕೀರ್ ಪುಸ್ತಕನೂ ತಗೊಂಡು ಬಾ ಅಂದ. ಲೈಬ್ರರಿ ಡೇಟ್ ಮುಗಿದಿದೆ, ನಾಳೆ ಮೇಡಂ ಹತ್ರ ರಿನ್ಯೂ ಮಾಡಿಸ್ಬೇಕು.